ಕಚೇರಿಯ ಹಿತ್ತಲಿನ ನದಿ

ಸೀಸೆಯಣ್ಣ ಎಂಬುದು ಅವನಿಗೆ ಕಚೇರಿ ಕೊಟ್ಟ ಹೆಸರು. ಅಪ್ಪ ಅಮ್ಮ ಇಟ್ಟಿದ್ದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ನೀರು ಪರೀಕ್ಷೆಯ ಕಚೇರಿಯಲ್ಲಿ ಅವನದು ಒಂದೇ ಕೆಲಸ. ತಿಂಗಳ ಮೊದಲ ಸೋಮವಾರ ಆರು ಗಾಜಿನ ಸೀಸೆಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿ, ಹಳೇ ಸೇತುವೆಯ ಕೆಳಗೆ ಇಳಿದು ನದಿಯ ನೀರು ತುಂಬಿಸಬೇಕು. ಮುಚ್ಚಳ ಬಿಗಿದು, ಚೀಟಿ ಅಂಟಿಸಿ, ಮಧ್ಯಾಹ್ನದೊಳಗೆ ತಂದು ಪರೀಕ್ಷೆಯ ಮೇಜಿನ ಮೇಲಿಡಬೇಕು. ಉಳಿದ ದಿನಗಳಲ್ಲಿ ಅವೇ ಸೀಸೆಗಳನ್ನು ತೊಳೆದು ಒಣಹಾಕಬೇಕು. ಇಷ್ಟಕ್ಕೆ ಒಬ್ಬ ಮನುಷ್ಯ ಬೇಕೇ ಎಂದು ಮೂಗು ಮುರಿಯುವವರಿದ್ದರು. ಪಾಪ, ಅವನು ಅಷ್ಟನ್ನೂ ಮಾಡುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಹನ್ನೊಂದು ವರ್ಷದಿಂದ ಸೀಸೆಯಣ್ಣ ಸೇತುವೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಸೀಸೆಗಳು ತುಂಬುತ್ತಿದ್ದುದು ಕಚೇರಿಯ ಹಿತ್ತಲಿನಲ್ಲಿ, ಕಲ್ಲಿನ ಸಂದಿಯಿಂದ ಜಿನುಗುವ ಒಂದು ಒರತೆಯಲ್ಲಿ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ, ಕಣ್ಣೀರಿನಷ್ಟು ತಿಳಿಯಾದ ನೀರು. ಸೋಮವಾರ ಅವನು ಸೈಕಲ್ ಹತ್ತಿ ಮುಂಬಾಗಿಲಿನಿಂದ ಹೊರಡುತ್ತಿದ್ದ, ಮೂಲೆಯ ಟೀ ಅಂಗಡಿಯಲ್ಲಿ ಎರಡು ಗಂಟೆ ಕೂರುತ್ತಿದ್ದ, ಹಿಂಬಾಗಿಲಿನಿಂದ ಒಳಗೆ ಬಂದು ಐದೇ ನಿಮಿಷದಲ್ಲಿ ನದಿಯನ್ನು ತುಂಬಿಸಿಕೊಳ್ಳುತ್ತಿದ್ದ.

ಹಾಗೆಂದು ಅವನೇನೂ ಹುಟ್ಟಾ ಕಳ್ಳನಲ್ಲ. ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳು ಪ್ಯಾಂಟು ಮಡಿಚಿಕೊಂಡು, ಮುಳ್ಳು ತರಚಿಸಿಕೊಂಡು, ಸೇತುವೆಯ ಕೆಳಗೇ ಇಳಿದಿದ್ದ. ಮೊದಲ ಸಲ ದೊಡ್ಡ ಸಾಹೇಬರು ಸೀಸೆಯನ್ನು ಬೆಳಕಿಗೆ ಹಿಡಿದು, "ಏನಯ್ಯಾ ಇದು? ನೀರು ತಗೊಂಡು ಬಾ ಅಂದ್ರೆ ಟೀ ತಂದಿದ್ದೀಯಲ್ಲ!" ಎಂದರು. ಎರಡನೇ ಸಲ ಸೀಸೆ ಸರಿಯಾಗಿ ತೊಳೆದಿಲ್ಲವೆಂದರು. ಮೂರನೇ ಸಲ ಹತ್ತಿರ ಕರೆದು, ಹೆಗಲ ಮೇಲೆ ಕೈಯಿಟ್ಟು, ಮಗನಿಗೆ ಬುದ್ಧಿ ಹೇಳುವಂತೆ ಹೇಳಿದರು: "ನೋಡು, ನೀರು ಅಂದ್ರೆ ಹೇಗಿರುತ್ತೆ ಅಂತ ನಿಂಗೆ ಗೊತ್ತಲ್ವಾ? ಹಾಗಿರೋದನ್ನ ತಗೊಂಡು ಬಾ. ಅದಕ್ಕೇ ಸರಿಯಾದ ಮಾದರಿ ಅನ್ನೋದು." ನಾಲ್ಕನೇ ತಿಂಗಳು ಅವನು ಹಿತ್ತಲಿಗೆ ಹೋದ. ಸಾಹೇಬರು ಸೀಸೆಯನ್ನು ಬೆಳಕಿಗೆ ಹಿಡಿದು, "ಈಗ ನೋಡಪ್ಪಾ, ಇದು ನದಿ!" ಎಂದರು. ಎಲ್ಲಿ ತುಂಬಿಸಿದೆ ಎಂದು ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ನಿಜವಾದ ನದಿಯ ಕಥೆ ಬೇರೆಯೇ ಇತ್ತು. ಸೇತುವೆಗಿಂತ ಮೇಲೆ, ಎಡದಂಡೆಯ ಗುಡ್ಡವನ್ನು ಗಣಿಯವರು ಅರ್ಧ ತಿಂದು ಮುಗಿಸಿದ್ದರು. ಅದಿರು ತೊಳೆದ ಕೆಂಪು ನೀರು ದಪ್ಪ ಕೊಳವೆಯಿಂದ ನದಿಗೆ ಬೀಳುತ್ತಿತ್ತು. ಬಲದಂಡೆಯಲ್ಲಿ ಸೇತುವೆಯ ಕೆಳಗಿನ ಊರಿನವರ ಹೊಲಗಳು. ಅಲ್ಲಿಂದ ಗೊಬ್ಬರದ ನೀರು, ಔಷಧಿ ಹೊಡೆದ ಡಬ್ಬಗಳು, ಹಸಿರು ಪಾಚಿ. ಗಣಿಯವರನ್ನು ಕೇಳಿದರೆ ಎಲ್ಲ ರೈತರ ಕೆಲಸ ಎನ್ನುತ್ತಿದ್ದರು. ರೈತರನ್ನು ಕೇಳಿದರೆ ಎಲ್ಲ ಗಣಿಯವರದು ಎನ್ನುತ್ತಿದ್ದರು. ಇಬ್ಬರೂ ತಾವು ಬಿಡುವುದು ಒಂದು ಚಿಟಿಕೆ ಮಾತ್ರ ಎಂದು ಆಣೆ ಮಾಡುತ್ತಿದ್ದರು. ಆ ಎರಡು ಚಿಟಿಕೆಗಳೂ ಸೇತುವೆಯ ಕೆಳಗೆ ಒಂದಾಗಿ, ಹೆಸರಿಡಲಾಗದ ಒಂದು ಬಣ್ಣ ತಾಳಿ, ಕೆಳಗಿನ ಊರಿಗೆ ಹರಿದು ಹೋಗುತ್ತಿದ್ದವು. ಕೆಳಗಿನ ಊರಿನಲ್ಲಿ ಸೀಸೆಯಣ್ಣನ ಒಬ್ಬಳೇ ತಂಗಿ ಸಂಸಾರ ಮಾಡಿಕೊಂಡಿದ್ದಳು.

ತಂಗಿಯ ಮನೆಯವರು ನದಿಯ ನೀರು ಕುಡಿಯುತ್ತಿದ್ದಾರೆಂಬ ಅಳುಕು ಅವನಿಗೆ ಮೊದಮೊದಲು ಇದ್ದೇ ಇತ್ತು. ಆಮೇಲೆ ಕೆಳಗಿನ ಊರಿನವರು ಒಂದು ದಿನ ರಸ್ತೆಗೆ ಅಡ್ಡ ಕೂತು ಗಣಿಯ ಲಾರಿಗಳನ್ನು ತಡೆದರು. ಗಣಿಯವರು ಬಾಯಿ ಮುಚ್ಚಿಸಲು ದಿನಕ್ಕೊಂದು ಟ್ಯಾಂಕರ್ ಒಳ್ಳೆಯ ನೀರು ಕಳಿಸಲು ಒಪ್ಪಿದರು. ತಪ್ಪು ಒಪ್ಪಿಕೊಂಡಲ್ಲ, 'ಕೊಳೆ ಯಾರದೆಂಬ ಸಂಶಯ ಪರಿಹಾರವಾಗುವವರೆಗೆ' ಎಂದು ಕಾಗದದಲ್ಲಿ ಬರೆಸಿಕೊಂಡು. ಟ್ಯಾಂಕರ್ ಬಂದ ದಿನವೇ ಸೀಸೆಯಣ್ಣನ ಅಳುಕು ಇಳಿಯಿತು. ಹೇಗೂ ತಂಗಿ ಒಳ್ಳೆಯ ನೀರು ಕುಡಿಯುತ್ತಿದ್ದಾಳೆ. ಇನ್ನು ತಾನು ಎಲ್ಲಿ ತುಂಬಿಸಿದರೆ ಯಾರಿಗೇನು ನಷ್ಟ ಎಂದು ಟೀ ಹೀರಿದ.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಕಚೇರಿಗೆ ಹೊಸ ಮೇಡಂ ಬಂದಳು. ಪರೀಕ್ಷೆ ಮಾಡುವುದೇ ಅವಳ ಕೆಲಸ, ಮತ್ತು ಅವಳು ನಿಜವಾಗಿಯೂ ಪರೀಕ್ಷೆ ಮಾಡುತ್ತಿದ್ದಳು. ಇದು ಕಚೇರಿಗೆ ಹೊಸತು. ಮೊದಲ ತಿಂಗಳೇ ಸೀಸೆಯಣ್ಣನನ್ನು ಕರೆದು, "ಇದೇನಣ್ಣಾ, ಆಕಾಶದಿಂದ ಬೀಳೋ ನೀರೂ ಇಷ್ಟು ಶುದ್ಧವಾಗಿರಲ್ಲ. ನದೀಲಿ ಒಂದು ಕಣ ಮಣ್ಣೂ ಇಲ್ವಾ?" ಎಂದು ಕೇಳಿದಳು. "ಮೇಲ್ಮೇಲಿನ ನೀರು ತುಂಬಿಸಿದೆ ಮೇಡಂ. ಮುಂದಿನ ಸಲ ಸ್ವಲ್ಪ ಆಳಕ್ಕೆ ಕೈ ಹಾಕ್ತೀನಿ," ಎಂದು ಸೀಸೆಯಣ್ಣ ಹಲ್ಲು ಕಿರಿದ.

ಮುಂದಿನ ಸೋಮವಾರ ಅವನು ಮನೆಯಿಂದ ಹೊರಡುವಾಗ ಹೆಂಡತಿಯ ಗುಲಾಬಿ ಕುಂಡದಿಂದ ಒಂದಿಷ್ಟು ಮಣ್ಣು ಕಾಗದದಲ್ಲಿ ಕಟ್ಟಿಕೊಂಡ. ಪ್ರತಿ ಸೀಸೆಗೂ ಒಂದೊಂದು ಚಿಟಿಕೆ ಹಾಕಿ ಚೆನ್ನಾಗಿ ಕುಲುಕಿದ. ಅಡುಗೆಗೆ ಉಪ್ಪು ನೋಡುವವರ ಹಾಗೆ ಒಂದು ಕಣ್ಣು ಮುಚ್ಚಿ ನೋಡಿ, ಆರನೇ ಸೀಸೆಗೆ ಇನ್ನೊಂದು ಚೂರು ಹಾಕಿದ. ನದಿ ಈಗ ನಂಬುವ ಹಾಗಿತ್ತು. ತನ್ನ ಕೈಚಳಕಕ್ಕೆ ತಾನೇ ಮೆಚ್ಚಿ, ಹೊಸ ಪದ್ಧತಿಯನ್ನು ತಿಂಗಳು ತಿಂಗಳೂ ನಡೆಸಿಕೊಂಡು ಹೋದ.

ವರ್ಷ ತುಂಬಿದಾಗ ಮೇಡಂ ವರದಿ ಬರೆದಳು. ಗಣಿಯ ಕಬ್ಬಿಣ, ಗಣಿಯ ಸೀಸ, ಯಾವುದೂ ಇಲ್ಲ. ಗೊಬ್ಬರದಿಂದ ಬರುವ ನೈಟ್ರೇಟ್ ಮಾತ್ರ ಮಿತಿಗಿಂತ ಮೂರು ಪಟ್ಟು. ಸಾಹೇಬರು ಸಹಿ ಹಾಕಿದರು. ಗಣಿಯವರು ಸಿಹಿ ಹಂಚಿದರು.

ಸಿಹಿ ಬಾಯಲ್ಲಿರುವಾಗಲೇ ಸೀಸೆಯಣ್ಣನಿಗೆ ಏನೋ ಹೊಳೆಯಿತು. ಮನೆಗೆ ಹೋದವನೇ ಚಪ್ಪಲಿಯನ್ನೂ ಬಿಡದೆ ಕೇಳಿದ: "ಏ ಇವಳೇ, ಗುಲಾಬಿಗೆ ಏನಾದ್ರೂ ಹಾಕ್ತೀಯೇನೇ?"

"ಹಾಕ್ದೇ ಇರ್ತೀನಾ? ಅಷ್ಟು ದಪ್ಪ ಹೂವು ಸುಮ್ಸುಮ್ನೆ ಬಿಡುತ್ತಾ? ಯೂರಿಯಾ. ನಿಮ್ಮ ತಂಗಿ ಗಂಡನೇ ಒಂದು ಡಬ್ಬ ಕೊಟ್ಟಿದ್ರಲ್ಲ."

"ಎಷ್ಟು ಹಾಕ್ತೀಯ?"

"ಒಂದು ಚಿಟಿಕೆ," ಎಂದು ಅವಳು ಅಂಗೈ ಪೂರ್ತಿ ಬಿಚ್ಚಿ ತೋರಿಸಿದಳು.

ಸೀಸೆಯಣ್ಣ ಬಾಗಿಲಲ್ಲೇ ಕೂತುಬಿಟ್ಟ. ವರ್ಷವಿಡೀ ಒಂದು ಪ್ರಯೋಗಾಲಯ, ಎರಡು ಯಂತ್ರ, ಒಬ್ಬ ಓದಿದ ಹೆಣ್ಣುಮಗಳು ಸೇರಿ ತನ್ನ ಹೆಂಡತಿಯ ಹೂಕುಂಡವನ್ನು ಪರೀಕ್ಷೆ ಮಾಡಿದ್ದರು. ಮೊದಲು ಅವನಿಗೆ ನಗು ಬಂತು. ಆ ನಗು ನಾಲ್ಕು ದಿನ ಬಾಳಿತು.

ಐದನೇ ದಿನ ತಂಗಿ ಬಂದಳು. ಕೈಯಲ್ಲಿ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು. ಅದನ್ನು ತಂದು ಊಟದ ಮೇಜಿನ ಮೇಲೆ ಧಡ್ಡನೆ ಇಟ್ಟಳು. ಒಳಗಿದ್ದುದನ್ನು ನೀರೆನ್ನಲು ಧೈರ್ಯ ಬೇಕಿತ್ತು.

"ಟ್ಯಾಂಕರ್ ನಿಲ್ಸಿಬಿಟ್ರು ಅಣ್ಣಾ. ಕೊಳೆ ನಿಮ್ಮದೇ ಅಂತ ವರದಿ ಬಂದಿದೆ, ಸಂಶಯ ಪರಿಹಾರ ಆಯ್ತು, ಇನ್ನು ನಿಮ್ಮ ನದಿ ನೀವೇ ಕುಡೀರಿ ಅಂತಾರೆ. ಈಗ ಇದೇ ಗತಿ."

"ಸೋಸಿ, ಕುದಿಸಿ..." ಎಂದು ಅವನು ತೊದಲಿದ.

"ದೊಡ್ಡೋರು ಹೇಗೋ ಕುಡಿತೀವಪ್ಪಾ. ಮೊಮ್ಮಗಳು? ಮೂರು ತಿಂಗಳ ಕೂಸು ಅದು. ಸೊಸೆಗೆ ಎದೆಹಾಲಿಲ್ಲ, ಪುಡಿ ಹಾಲೇ ಕಲಸಿ ಕೊಡ್ಬೇಕು. ನಿನ್ನೆ ಮಗೂ ತುಟಿ ನೀಲಿ ತಿರುಗಿತ್ತು. ನರ್ಸಮ್ಮ ಬಂದು ನೋಡಿ, ಈ ನೀರಲ್ಲಿ ಹಾಲು ಕಲಸಲೇಬೇಡಿ, ಕುದಿಸಿದ್ರೆ ಗೊಬ್ಬರದ ವಿಷ ಇನ್ನೂ ಗಟ್ಟಿಯಾಗುತ್ತೆ ಅಂದ್ರು." ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡು, ಅಣ್ಣನ ಕೈ ಹಿಡಿದುಕೊಂಡಳು. "ನಂಗೊತ್ತು, ಇದು ನಿಂದಲ್ಲ. ನೀನು ನಿಯತ್ತಾಗಿ ತುಂಬ್ಸಿ ಕೊಡ್ತೀಯ. ಅಲ್ಲಿ ಕೂತೋರು ಒಳಗೊಳಗೇ ಮಸಲತ್ತು ಮಾಡ್ತಾರೆ. ಊರಲ್ಲೂ ಎಲ್ಲರಿಗೂ ಹಾಗೇ ಹೇಳಿದ್ದೀನಿ. ನಮ್ಮಣ್ಣ ಅಂಥೋನಲ್ಲ ಅಂತ."

ಬೈದಿದ್ದರೆ ಸೀಸೆಯಣ್ಣ ಹೇಗೋ ಸಹಿಸಿಕೊಳ್ಳುತ್ತಿದ್ದ. ಈ ನಂಬಿಕೆಯನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕುಂಡದ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡಿದಳು.

ಮಾರನೆಯ ದಿನ ಸೋಮವಾರವಲ್ಲ. ಆದರೂ ಅವನು ಪೆಟ್ಟಿಗೆ ಕಟ್ಟಿಕೊಂಡು ಹೊರಟ. ಟೀ ಅಂಗಡಿಯವನು ಪೆಟ್ಟಿಗೆ ಕಂಡು ಲೋಟ ತೊಳೆದಿಟ್ಟವನು, ಸೈಕಲ್ ನಿಲ್ಲದೆ ಮುಂದೆ ಹೋದದ್ದನ್ನು ಕಂಡು ಬೀದಿಗೆ ಬಂದು ನೋಡಿದ. ಸೇತುವೆಯ ಕೆಳಗೆ ದಾರಿಯೇ ಅಳಿಸಿ ಹೋಗಿತ್ತು. 'ಮಾದರಿ ಸಂಗ್ರಹ ಸ್ಥಳ' ಎಂಬ ಕಲ್ಲಿನ ಕಂಬ ಮುರಿದು, ಅದರ ತಲೆ ಕೆಸರಿನಲ್ಲಿ ಹುದುಗಿತ್ತು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ನಡುವೆ ಒಂದು ಸತ್ತ ಮೀನು ಯಾವ ಕಡೆಗೂ ಸೇರದೆ ತಿರುಗುತ್ತಿತ್ತು. ಮೂಗು ಮುಚ್ಚಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಆರು ಸೀಸೆಗಳನ್ನೂ ಅಂಚಿನವರೆಗೆ ತುಂಬಿಸಿದ. ಒಂದು ಚಿಟಿಕೆಯನ್ನೂ ಹಾಕಲಿಲ್ಲ, ತೆಗೆಯಲಿಲ್ಲ. ದಡ ಹತ್ತುವಾಗ ಹನ್ನೊಂದು ವರ್ಷದಲ್ಲಿ ಮೊದಲ ಸಲ ತಾನು ಸಂಬಳಕ್ಕೆ ಕೆಲಸ ಮಾಡಿದೆ ಎನ್ನಿಸಿತು.

ಪ್ರಯೋಗಾಲಯದಲ್ಲಿ ಮೇಡಂ ಒಂದು ಸಲ ಪರೀಕ್ಷೆ ಮಾಡಿದಳು. ಯಂತ್ರ ಕೆಟ್ಟಿದೆಯೆಂದು ಒರೆಸಿ, ಇನ್ನೊಂದು ಸಲ ಮಾಡಿದಳು. ಆಮೇಲೆ ಚೀಟಿ ಹಿಡಿದುಕೊಂಡು ಸಾಹೇಬರ ಕೋಣೆಗೆ ಓಡಿದಳು. ಹಿಂದೆಯೇ ಸೀಸೆಯಣ್ಣ.

ಸಾಹೇಬರ ಕುರ್ಚಿಯ ಹಿಂದಿನ ಗೋಡೆಯ ಮೇಲೆ, ಗಾಜು ಹಾಕಿಸಿದ ಚೌಕಟ್ಟಿನೊಳಗೆ, ನದಿಯ ಹನ್ನೊಂದು ವರ್ಷದ ನಕ್ಷೆಯಿತ್ತು. ಒಂದು ನೀಲಿ ಗೆರೆ, ಹಾಸಿಗೆ ಹಾಸಿದಷ್ಟು ನೇರ. ಕೊನೆಯ ವರ್ಷದಲ್ಲಿ ಮಾತ್ರ ನೈಟ್ರೇಟಿನದೊಂದು ಪುಟ್ಟ ಗುಡ್ಡ. ಆ ಗೆರೆಯಿಂದ ಸಾಹೇಬರಿಗೆ ಎರಡು ಬಡ್ತಿ, ಒಂದು ಪದಕ ಸಿಕ್ಕಿದ್ದವು. ಅವರು ಚೀಟಿ ನೋಡಿದರು, ಗೋಡೆ ನೋಡಿದರು.

"ಕಬ್ಬಿಣ ಇಪ್ಪತ್ತು ಪಟ್ಟು, ಸೀಸ ಏಳು ಪಟ್ಟು, ನೈಟ್ರೇಟ್ ಆರು ಪಟ್ಟು," ಎಂದಳು ಮೇಡಂ. "ಇಬ್ಬರದೂ ಇದೆ ಸಾರ್. ಗಣಿಯದೂ, ಹೊಲದ್ದೂ. ನಿಲ್ಲಿಸಿರೋ ಟ್ಯಾಂಕರ್ ಇವತ್ತೇ ಮತ್ತೆ ಶುರು ಮಾಡಿಸ್ಬೇಕು."

"ಹನ್ನೊಂದು ವರ್ಷ ಮಲಗಿದ್ದ ಗೆರೆ ಒಂದೇ ತಿಂಗಳಲ್ಲಿ ಎದ್ದು ಸೂರು ಮುಟ್ಟುತ್ತೇನಮ್ಮಾ? ನದಿ ಅಂದ್ರೆ ಕುದುರೇನಾ, ಹೀಗೆ ನೆಗೆಯೋಕೆ? ಮಾದರಿ ಕೆಟ್ಟಿದೆ. ಸೀಸೆ ತೊಳೆದಿಲ್ಲ ಇವನು."

"ಸೀಸೆ ತೊಳೆದಿದ್ದೀನಿ ಸಾರ್," ಎಂದ ಸೀಸೆಯಣ್ಣ. "ಇದೇ ನಿಜವಾದ ನದಿ. ಇಷ್ಟು ವರ್ಷ ತಂದಿದ್ದು ಹಿತ್ತಲಿನ ಒರತೆ ನೀರು. ಹೋದ ವರ್ಷ ಅದಕ್ಕೆ ಹೂಕುಂಡದ ಮಣ್ಣು ಹಾಕಿದ್ದೆ. ಆ ಗುಡ್ಡ ನಮ್ಮ ಮನೆಯವಳ ಗುಲಾಬೀದು."

ಮೇಡಂ ಗೋಡೆಯ ಮೇಲಿನ ಗುಡ್ಡವನ್ನು ಬಾಯಿ ತೆರೆದು ನೋಡಿದಳು. ಒಂದು ವರ್ಷ ಅವಳು ಅದನ್ನು ಕೂಡಿಸಿ, ಭಾಗಿಸಿ, ಎರಡೆರಡು ಸಲ ತಾಳೆ ನೋಡಿದ್ದಳು. ಸಾಹೇಬರು ನಿಧಾನವಾಗಿ ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು.

"ನೀನು ಈಗ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ."

"ಇನ್ನೊಂದು ಸಲ ಹೇಳ್ಲಾ ಸಾರ್?"

"ಬೇಡ!" ಸಾಹೇಬರು ಕಿರುಚಿದ ರಭಸಕ್ಕೆ ಚೌಕಟ್ಟಿನ ಗಾಜು ನಡುಗಿತು. "ಏನು ಹೇಳ್ತಿದ್ದೀಯ ಅಂತ ಗೊತ್ತಾ? ಹನ್ನೊಂದು ವರ್ಷದ ವರದಿ, ನೂರ ಮೂವತ್ತು ಸಹಿ, ಎಲ್ಲಾ ನಂದು. ನೀನೊಬ್ಬ ನಿಜ ಹೇಳ್ಬಿಟ್ರೆ ನಾನು ಏನಾಗ್ಬೇಕು?"

"ಮೂರು ತಿಂಗಳ ಕೂಸು ಸಾರ್, ನನ್ನ ತಂಗಿ ಮೊಮ್ಮಗಳು..."

"ಮಗು ಬಗ್ಗೆ ನಂಗೂ ಕನಿಕರ ಇದೆಯಪ್ಪಾ. ಆದ್ರೆ ಕನಿಕರಕ್ಕೆ ಅರ್ಜಿ ನಮೂನೆ ಇಲ್ಲ."

ಸಾಹೇಬರು ಕೆಂಪು ಶಾಯಿಯಲ್ಲಿ ಚೀಟಿಯ ಮೇಲೆ 'ತಿರಸ್ಕರಿಸಿದೆ' ಎಂದು ಬರೆದರು. ಸಂಜೆಯೊಳಗೆ ಸೀಸೆಯಣ್ಣನ ಕೈಗೆ ನೋಟಿಸು ಬಂತು: ಮಾದರಿಯಲ್ಲಿ ಹೊರಗಿನ ಕಸ ಬೆರೆಸಿ ನದಿಯ ಹೆಸರಿಗೆ ಮಸಿ ಬಳಿದ ಕಾರಣಕ್ಕೆ ಕೆಲಸದಿಂದ ಅಮಾನತು. ಒಂದು ವರ್ಷ ಕುಂಡದ ಮಣ್ಣು ಬೆರೆಸಿದಾಗ ಯಾರೂ ಚಕಾರ ಎತ್ತಿರಲಿಲ್ಲ. ಏನೂ ಬೆರೆಸದ ಒಂದೇ ಒಂದು ದಿನಕ್ಕೆ ಶಿಕ್ಷೆಯಾಯಿತು. ನೋಟಿಸು ತಂದ ಮೇಡಂ ಅದನ್ನು ಕೊಡುವಾಗ ಅವನ ಮುಖ ನೋಡಲಿಲ್ಲ. ಆದರೆ ಲಕೋಟೆಯೊಳಗೆ ತಿರಸ್ಕೃತ ಚೀಟಿಯದೊಂದು ನಕಲು ಇತ್ತು.

ಅವನು ಹಿತ್ತಲಿಗೆ ಹೋಗಿ ಎರಡು ಕ್ಯಾನು ಒರತೆಯ ನೀರು ತುಂಬಿಸಿ, ಸೈಕಲ್ಲಿಗೆ ನೇತುಹಾಕಿ, ನೇರ ತಂಗಿಯ ಮನೆಗೆ ತುಳಿದ. ತಂಗಿ ಕ್ಯಾನು ಎತ್ತಿ ನೋಡಿ, "ಅಯ್ಯೋ, ಇದೆಲ್ಲಿ ಸಿಕ್ತು? ಎಷ್ಟು ತಿಳಿಯಾಗಿದೆ!" ಎಂದು ಕೂಡಲೇ ಹಾಲು ಕಲಸಲು ಕೂತಳು. ಅವನು ಗೋಡೆಗೊರಗಿ ಕೂತು, ಒರತೆ, ಗುಲಾಬಿಯಿಂದ ಹಿಡಿದು ಲಕೋಟೆಯ ಚೀಟಿಯವರೆಗೆ ಎಲ್ಲವನ್ನೂ ಹೇಳಿದ. ತಂಗಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪೂರ್ತಿ ಕುಡಿಸಿದಳು. ಬೆನ್ನು ತಟ್ಟಿ ತೇಗಿಸಿದಳು. ಬಾಯಿ ಒರೆಸಿ ಮಲಗಿಸಿದಳು.

"ಹನ್ನೊಂದು ವರ್ಷಾನಾ?" ಎಂದು ಆಮೇಲೆ ಕೇಳಿದಳು.

"ಹೂಂ."

"ಟ್ಯಾಂಕರ್ ಬಂದಿದ್ದು ನಾಲ್ಕು ವರ್ಷದಿಂದ."

ತಂಗಿಯ ಗಂಡ ಬಾಗಿಲಲ್ಲಿ ನಿಂತು, "ನೋಡಿದ್ಯಾ, ಕೊಳೆ ಎಲ್ಲಾ ಗಣಿಯೋರದೇ ಅಂತ ನಾನು ಮೊದಲೇ..." ಎಂದು ಶುರುಮಾಡಿದ. ತಂಗಿ ತಿರುಗಿದಳು. "ನೀವು ಸುಮ್ನಿರಿ. ಆರು ಪಟ್ಟು ನಿಮ್ಮದೂ ಇದೆಯಂತೆ. ಗೊಬ್ಬರ ನೀವೇನು ಚಿಟಿಕೆಯಲ್ಲಿ ಅಳೆದು ಹಾಕ್ತಿದ್ರಾ?" ಗಂಡ ಹೊರಗೆ ಹೋಗಿ ಎಮ್ಮೆಯ ಹಗ್ಗವನ್ನು ಸುಮ್ಮನೆ ಬಿಚ್ಚಿ ಕಟ್ಟತೊಡಗಿದ. ತಂಗಿ ಅಣ್ಣನ ಕಡೆ ಕೈ ಚಾಚಿದಳು. "ಆ ಚೀಟಿ ಕೊಡು."

ಮರುದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವಾಗ ಗೇಟಿನ ಮುಂದೆ ಕೊಡ, ಬಿಂದಿಗೆ, ಕ್ಯಾನು ಹಿಡಿದುಕೊಂಡು ಕೆಳಗಿನ ಊರಿನ ಅರವತ್ತು ಜನ ನಿಂತಿದ್ದರು. ಮುಂದೆ ತಂಗಿ. ಸೀಸೆಯಣ್ಣ ಎಲ್ಲರ ಹಿಂದೆ, ಸೈಕಲ್ ಹಿಡಿದುಕೊಂಡು. ಸಾಹೇಬರು ಕಾರಿನಿಂದ ಇಳಿದು, "ಏನಮ್ಮಾ ಇದು, ಜಾತ್ರೆನಾ?" ಎಂದರು.

ಗಣಿಯವರು ಊರಿಗೆ ಕೊಟ್ಟಿದ್ದ ವರ್ಷದ ವರದಿಯನ್ನು ತಂಗಿ ಅವರ ಮುಖದ ಮುಂದೆ ಹಿಡಿದಳು. "ಈ ಸಹಿ ನಿಮ್ಮದೇನಾ ಸಾರ್?"

"ನನ್ನದೇ. ಯಾಕೆ?"

"ಇದರಲ್ಲಿ ಗಣಿ ಕೊಳೆ ಇಲ್ಲದ ನದಿ ಒಂದಿದೆ. ನಮ್ಮೂರ ನದಿ ಅಂತಾನೂ ಬರೆದಿದ್ದೀರ. ಅದು ನಿಮ್ಮ ಹಿತ್ತಲಲ್ಲಿದೆಯಂತೆ. ತುಂಬ್ಕೊಂಡು ಹೋಗೋಣ ಅಂತ ಬಂದ್ವಿ."

"ಅದು ಕಚೇರಿ ಒರತೆ ಕಣಮ್ಮಾ! ನದಿಯಲ್ಲ!"

"ಹಾಗಂತ ಬರೆದು, ಸಹಿ ಹಾಕಿ ಕೊಡಿ. ನಾವು ಹೀಗೇ ವಾಪಸ್ ಹೋಗ್ತೀವಿ."

ಸಾಹೇಬರು ವರದಿ ನೋಡಿದರು. ಅರವತ್ತು ಖಾಲಿ ಕೊಡ ನೋಡಿದರು. ತಂಗಿಯ ಇನ್ನೊಂದು ಕೈಯಲ್ಲಿ ತಾವೇ ತಿರಸ್ಕರಿಸಿದ ಚೀಟಿಯ ನಕಲನ್ನೂ ನೋಡಿದರು. ಕಿಟಕಿಯಲ್ಲಿ ಮೇಡಂ ನಿಂತಿದ್ದಳು. ಒರತೆ ಎಂದು ಬರೆದರೆ ಹನ್ನೊಂದು ವರ್ಷ ಹೋಯಿತು. ನದಿ ಎಂದರೆ ಹಿತ್ತಲು ಹೋಯಿತು. ಸಾಹೇಬರು ಬುದ್ಧಿವಂತರು. ಹಿತ್ತಲು ಬಿಟ್ಟುಕೊಟ್ಟರು.

ವಾರದೊಳಗೆ ಆಜ್ಞೆ ಹೊರಟಿತು. ಸಾರ್ವಜನಿಕರ ಅನುಕೂಲಕ್ಕಾಗಿ ನದಿಯ ಮಾದರಿ ಸಂಗ್ರಹ ಸ್ಥಳವನ್ನು ಸೇತುವೆಯಿಂದ ಕಚೇರಿಯ ಹಿತ್ತಲಿಗೆ ವರ್ಗಾಯಿಸಲಾಗಿತ್ತು. ಒರತೆಯ ಪಕ್ಕದಲ್ಲಿ ಹೊಸ ಕಲ್ಲು ನೆಟ್ಟರು. ಗೆರೆ ಮತ್ತೆ ನೇರವಾಯಿತು. ಸೇತುವೆಯ ಕೆಳಗೆ ಹರಿಯುತ್ತಿದ್ದುದು ಇನ್ನು ಕಡತಗಳಲ್ಲಿ ಏನೂ ಅಲ್ಲದ್ದರಿಂದ ಗಣಿಯವರು ಎರಡನೇ ಕೊಳವೆ ಹಾಕಿದರು, ರೈತರೂ ಹಿಂದೆ ಬೀಳಲಿಲ್ಲ. ಮೇಡಂ ಮಾತ್ರ ಆ ಚೀಟಿಯನ್ನು ಎಲ್ಲೆಲ್ಲಿಗೋ ಅಂಚೆಯಲ್ಲಿ ಕಳಿಸುತ್ತಿದ್ದಳಂತೆ. ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ.

ಒರತೆಯ ನೀರು ಬೆರಳಿನಷ್ಟು ಸಣ್ಣ ಧಾರೆ. ಒಂದು ಕೊಡವೋ ಕ್ಯಾನೋ ತುಂಬಲು ಎಂಟು ನಿಮಿಷ ಬೇಕು. ಬೆಳಗಿನಿಂದ ಸಂಜೆಯವರೆಗೆ ಸಾಲು ಕರಗುವುದಿಲ್ಲ. ಕೆಲಸವಿಲ್ಲದ ಸೀಸೆಯಣ್ಣ ದಿನವೂ ಬಂದು, ಮುದುಕಿಯರ ಕೊಡ ಎತ್ತಿಕೊಡುತ್ತ, ಜಗಳ ಬಿಡಿಸುತ್ತ, ಅಲ್ಲೇ ನಿಂತಿರುತ್ತಾನೆ. ಊರಿನವರು ಅವನನ್ನು ಬೈದರು, ಆಮೇಲೆ ನಕ್ಕರು, ಆಮೇಲೆ ಮರೆತರು. ಮಗುವಿನ ತುಟಿ ಕೆಂಪಗಾಗಿದೆ ಎಂದು ನರ್ಸಮ್ಮ ಹೇಳಿದಳು. ಆ ಸುದ್ದಿ ಅವನಿಗೆ ತಂಗಿಯ ಬಾಯಿಂದ ಬರಲಿಲ್ಲ.

ತಂಗಿ ಎರಡು ದಿನಕ್ಕೊಮ್ಮೆ ಬರುತ್ತಾಳೆ, ಸಾಲಿನಲ್ಲಿ ಎಲ್ಲರಂತೆ ನಿಲ್ಲುತ್ತಾಳೆ. ಅವತ್ತು ಅವಳ ಸರದಿ ಬಂದಾಗ ಸೀಸೆಯಣ್ಣ ಮುಂದೆ ಹೋಗಿ ಕ್ಯಾನಿಗೆ ಕೈ ಹಾಕಿದ.

"ಕೊಡು, ನಾನು ತುಂಬ್ಸಿಕೊಡ್ತೀನಿ."

ತಂಗಿ ಕ್ಯಾನನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಬೇಡ ಬಿಡಣ್ಣಾ," ಎಂದಳು. "ನೀನು ತುಂಬ್ಸಿದ್ದು ಸಾಕು."

ಅವಳು ಕೂತು ಕ್ಯಾನನ್ನು ಧಾರೆಗೆ ಒಡ್ಡಿದಳು. ಅವನು ಪಕ್ಕದಲ್ಲಿ ನಿಂತ. ಎಂಟು ನಿಮಿಷ ಅವಳು ತಲೆಯೆತ್ತಲಿಲ್ಲ.